ಮಕ್ಕಳ ಮೈಯಲ್ಲಿ ಕೀವು ಕಟ್ಟಿದರೆ: ಯಾವುದಕ್ಕೆ ಕಾಯಬಹುದು, ಯಾವುದಕ್ಕೆ ಕಾಯಬಾರದು

ಮೇ ತಿಂಗಳು. ಮಗನಿಗೆ ಆಗ ಐದು ವರ್ಷ. ತೊಡೆಯ ಹಿಂದೆ ಕಡಲೆಕಾಳಿನಷ್ಟು ಕೆಂಪು ಗುಳ್ಳೆ ಎದ್ದಿತು. "ಮಾವಿನಹಣ್ಣು ತಿಂದು ಉಷ್ಣ ಆಗಿದೆ" ಅಂತ ಅತ್ತೆ ಸುಣ್ಣ-ಬೆಲ್ಲ ಕಲಸಿ ಹಚ್ಚಿದರು. ಮೂರನೇ ದಿನಕ್ಕೆ ಅದು ನಿಂಬೆಹಣ್ಣಿನ ಗಾತ್ರ ಆಗಿತ್ತು. ಹತ್ತಿರದ ಕ್ಲಿನಿಕ್ಕಿನಲ್ಲಿ ಐದು ದಿನದ ಆ್ಯಂಟಿಬಯಾಟಿಕ್ ಸಿರಪ್ ಬರೆದರು. ಬಾಟಲಿ ಖಾಲಿಯಾಯಿತು, ಊತ ಇಳಿಯಲಿಲ್ಲ. ಇನ್ನೊಂದು ಬರೆದರು. ಅದೂ ಖಾಲಿ. ಕೊನೆಗೆ ಮಕ್ಕಳ ಸರ್ಜನ್ ಹತ್ತಿರ ಹೋದೆವು. ಅವರು ಊತದ ಮೇಲೆ ಎರಡು ಬೆರಳಿಟ್ಟರು. ಒಂದು ಬೆರಳು ಒತ್ತಿದರೆ ಇನ್ನೊಂದು ಮೇಲೇಳುತ್ತಿತ್ತು, ನೀರು ತುಂಬಿದ ಬಲೂನಿನ ಹಾಗೆ. "ಒಳಗೆ ಪೂರ್ತಿ ಕೀವು. ಇದಕ್ಕೆ ಔಷಧಿ ಕುಡಿಸ್ತಾ ಕೂತ್ರೆ ಆಗಲ್ಲ ಕಣಮ್ಮ, ತೆಗೀಬೇಕು" ಅಂದರು. ಹತ್ತು ಹದಿನೈದು ನಿಮಿಷದ ಕೆಲಸ. ಆ ರಾತ್ರಿ ಮಗ ನರಳದೆ ಮಲಗಿದ.

ನಾನು ಡಾಕ್ಟರ್ ಅಲ್ಲ. ಆದರೆ ಆಮೇಲೆ ಸಿಕ್ಕ ಸಿಕ್ಕ ಮಕ್ಕಳ ಡಾಕ್ಟರನ್ನು, ವಾರ್ಡಿನ ಸಿಸ್ಟರುಗಳನ್ನು ಕೇಳಿ ಕೇಳಿ ತಿಳಿದುಕೊಂಡೆ. ಮಕ್ಕಳಿಗೆ ಬರುವ ಬ್ಯಾಕ್ಟೀರಿಯಾ ಸೋಂಕಿನಲ್ಲಿ ಹೆಚ್ಚಿನವು ಔಷಧಿಗೇ ಹೋಗುತ್ತವೆ. ಕೆಲವು ಹೋಗುವುದಿಲ್ಲ, ಸರ್ಜನ್ ಕೈಯೇ ಬೇಕು. ಆ ಕೆಲವನ್ನು ಮನೆಯಲ್ಲಿ ಗುರುತಿಸುವುದು ಹೇಗೆ, ಗುರುತಿಸಿದ ಮೇಲೆ ಏನು ಮಾಡಬೇಕು ಅಂತ ಇಲ್ಲಿ ಬರೆದಿದ್ದೇನೆ.

ಕೀವು ಔಷಧಿಯ ಮಾತು ಯಾಕೆ ಕೇಳಲ್ಲ?

ಆ್ಯಂಟಿಬಯಾಟಿಕ್ ರಕ್ತದ ಜೊತೆ ಹರಿದುಕೊಂಡು ಸೋಂಕಿನ ಜಾಗ ಮುಟ್ಟುತ್ತದೆ. ಆದರೆ ಕೀವು ಕಟ್ಟಿದ ಕಡೆ ಮೈ ತಾನೇ ಸುತ್ತ ಒಂದು ಗೋಡೆ ಎಬ್ಬಿಸಿರುತ್ತದೆ. ಸೋಂಕು ಹರಡದಿರಲಿ ಅಂತ ಅದರ ಉಪಾಯ. ಆ ಗೋಡೆಯ ಒಳಗೆ ರಕ್ತನಾಳ ಇಲ್ಲ. ಇರುವುದು ಸತ್ತ ಬಿಳಿ ರಕ್ತಕಣ, ಕರಗಿದ ಮಾಂಸ, ಮತ್ತು ಆರಾಮಾಗಿ ಬೆಳೆಯುತ್ತಿರುವ ಬ್ಯಾಕ್ಟೀರಿಯಾ. ಔಷಧಿ ಬಾಗಿಲವರೆಗೆ ಬಂದು ನಿಂತುಬಿಡುತ್ತದೆ.

ಹೆಚ್ಚಿನ ಕುರುಗಳಿಗೆ, ಮಕ್ಕಳ ಮೂಳೆ ಮತ್ತು ಕೀಲಿನ ಸೋಂಕಿಗೆ ಮುಖ್ಯ ಕಾರಣ ಒಂದೇ ಬ್ಯಾಕ್ಟೀರಿಯಾ, ಸ್ಟ್ಯಾಫಿಲೊಕಾಕಸ್ ಆರಿಯಸ್. 1880ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್ ಊರಿನ ಸರ್ಜನ್ ಅಲೆಕ್ಸಾಂಡರ್ ಆಗ್‌ಸ್ಟನ್ ಕೀವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದಾಗ ದ್ರಾಕ್ಷಿ ಗೊಂಚಲಿನಂಥ ಗುಂಪುಗಳು ಕಂಡವು. ಗ್ರೀಕ್ ಭಾಷೆಯಲ್ಲಿ ದ್ರಾಕ್ಷಿ ಗೊಂಚಲಿಗಿರುವ ಪದದಿಂದಲೇ ಆ ಹೆಸರು ಬಂತು. ಇದು ಹೊರಗಿನಿಂದ ಬರುವ ಕಳ್ಳ ಅಲ್ಲ. ಎಷ್ಟೋ ಜನರ ಮೂಗಿನಲ್ಲಿ, ಚರ್ಮದ ಮೇಲೆ ಸುಮ್ನೆ ಕೂತಿರುತ್ತದೆ. ಬೇಸಿಗೆಯಲ್ಲಿ ಬೆವರುಸಾಲೆ ಎದ್ದು ಮಗು ಕೆರೆದುಕೊಂಡಾಗ ಉಗುರಿನ ಗೀರಿನಲ್ಲಿ ಒಳಗಿಳಿಯುತ್ತದೆ. ಪಾಪ, ಮಾವಿನಹಣ್ಣಿನ ತಪ್ಪೇನೂ ಇಲ್ಲ. ಮಾವಿನ ಕಾಲ, ಬೆವರಿನ ಕಾಲ ಎರಡೂ ಒಟ್ಟಿಗೆ ಬರುತ್ತವೆ ಅಷ್ಟೆ.

ಮೊದಲ ಕೆಲಸ: ಪೆನ್ನಿನಿಂದ ಗೆರೆ ಎಳೆಯಿರಿ

ಕುರು ಕಂಡ ದಿನವೇ ಕೆಂಪಾದ ಜಾಗದ ಅಂಚಿನ ಸುತ್ತ ಬಾಲ್‌ಪೆನ್ನಿನಿಂದ ಒಂದು ಗೆರೆ ಹಾಕಿ. ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ನಾಳೆ ಕೆಂಪು ಗೆರೆ ದಾಟಿದೆಯೋ ಇಲ್ಲವೋ ಅಂತ ಮನೆಯವರೆಲ್ಲ ವಾದ ಮಾಡುವುದು ತಪ್ಪುತ್ತದೆ. ಡಾಕ್ಟರಿಗೂ ಇದು ಬಹಳ ಉಪಯೋಗ.

ಸಣ್ಣ ಕುರು, ಜ್ವರ ಇಲ್ಲ, ಮಗು ಆಡಿಕೊಂಡಿದೆ ಅಂದರೆ ಒಂದೆರಡು ದಿನ ಮನೆಯಲ್ಲೇ ನೋಡಬಹುದು. ಶುದ್ಧ ಬಟ್ಟೆಯನ್ನು ಬಿಸಿನೀರಿನಲ್ಲಿ ಅದ್ದಿ, ಹಿಂಡಿ, ನಿಮ್ಮ ಮಣಿಕಟ್ಟಿಗೆ ಮುಟ್ಟಿಸಿ ಹದ ನೋಡಿಕೊಂಡು ಶಾಖ ಕೊಡಿ. ಹತ್ತು ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ. ಹಣ್ಣಾಗಿ ತಾನೇ ಒಡೆದರೆ ಒರೆಸಿ, ಮುಚ್ಚಿ, ಕೈ ತೊಳೆದುಕೊಳ್ಳಿ. ಹಿಂಡಬೇಡಿ. ಸೂಜಿ ಚುಚ್ಚಬೇಡಿ. ಹಿಂಡಿದರೆ ಕೀವು ಹೊರಗೆ ಬಂದಷ್ಟೇ ಒಳಗೂ ನುಗ್ಗುತ್ತದೆ. ಸುಣ್ಣ ಎಳೇ ಚರ್ಮವನ್ನು ಸುಡುತ್ತದೆ. ನನ್ನ ಮಗನ ತೊಡೆಯಲ್ಲಿ ಆಪರೇಷನ್ ಗುರುತಿಗಿಂತ ಸುಣ್ಣದ ಗುರುತೇ ದೊಡ್ಡದಾಗಿ ಉಳಿದಿದೆ.

ಈ ಕೆಳಗಿನವುಗಳಲ್ಲಿ ಒಂದಿದ್ದರೂ ಅದೇ ದಿನ ತೋರಿಸಿ:

- ಮಗುವಿಗೆ ಮೂರು ತಿಂಗಳು ತುಂಬಿಲ್ಲ
- ಜ್ವರ ಇದೆ, ಅಥವಾ ಮಗು ಮಂಕಾಗಿದೆ, ಹಾಲು-ಊಟ ಬಿಟ್ಟಿದೆ
- ಕುರು ಇರುವುದು ಮುಖದಲ್ಲಿ (ಮೂಗು, ಮೇಲ್ದುಟಿ, ಕಣ್ಣಿನ ಹತ್ತಿರವಾದರೆ ಇನ್ನೂ ಬೇಗ), ಗುದದ್ವಾರದ ಪಕ್ಕ, ಬೆರಳಿನ ಒಳಭಾಗದಲ್ಲಿ
- ಕೆಂಪು ನೀವು ಎಳೆದ ಪೆನ್ನಿನ ಗೆರೆಯನ್ನು ದಾಟಿ ಹರಡಿದೆ
- ಬೆರಳಿಟ್ಟರೆ ಒಳಗೆ ತುಳುಕುವ ಹಾಗೆ ಮೆತ್ತಗಿದೆ

ಹಸುಗೂಸಿನ ವಿಷಯದಲ್ಲಿ ಒಂದು ಮಾತು ಜೋರಾಗಿಯೇ ಹೇಳಬೇಕು. ಹುಟ್ಟಿದ ಕೆಲವು ದಿನಕ್ಕೆ ಮಗುವಿನ ಎದೆ ಸ್ವಲ್ಪ ಉಬ್ಬುತ್ತದೆ, ಗಂಡಾಗಲಿ ಹೆಣ್ಣಾಗಲಿ. ಒಂದೆರಡು ಹನಿ ಹಾಲಿನಂಥದ್ದೂ ಬರಬಹುದು. ತಾಯಿಯ ಹಾರ್ಮೋನಿನ ಪ್ರಭಾವ, ತಾನೇ ಇಳಿಯುತ್ತದೆ. ಬಾಣಂತನದ ಮನೆಗಳಲ್ಲಿ ಎಣ್ಣೆ ನೀರು ಹಾಕುವಾಗ ಇದನ್ನು ಹಿಂಡಿ ತೆಗೆಯುವ ರೂಢಿ ಇದೆ. ದಯವಿಟ್ಟು ಬೇಡ. ಹಿಂಡಿದ ಜಾಗದಲ್ಲಿ ಸೋಂಕು ಸೇರಿ ಕೀವು ಕಟ್ಟುತ್ತದೆ. ಹತ್ತು ಹದಿನೈದು ದಿನದ ಕೂಸಿಗೆ ಆಪರೇಷನ್ ಆಗಬೇಕಾಗುತ್ತದೆ. ಹೆಣ್ಣು ಮಗುವಾದರೆ ಮುಂದೆ ಆ ಸ್ತನದ ಬೆಳವಣಿಗೆಗೇ ಪೆಟ್ಟು ಬೀಳಬಹುದು. ಅಜ್ಜಿಗೆ ಹೇಳುವುದು ಕಷ್ಟ ಅಂತ ಗೊತ್ತು. ನರ್ಸಮ್ಮನ ಬಾಯಿಂದ ಹೇಳಿಸಿ, ಕೇಳುತ್ತಾರೆ.

ಇದಕ್ಕೆ ತದ್ವಿರುದ್ಧ ಬಿಸಿಜಿ ಗುಳ್ಳೆ. ಎಡ ತೋಳಿಗೆ ಈ ಟಿಬಿ ಲಸಿಕೆ ಹಾಕಿಸಿದ ಒಂದು ಒಂದೂವರೆ ತಿಂಗಳಿಗೆ ಅಲ್ಲಿ ಗುಳ್ಳೆ ಎದ್ದು, ಒಡೆದು, ಕಲೆ ಉಳಿಯುತ್ತದೆ. ಅದು ಹಾಗೇ ಆಗಬೇಕು. ಮುಟ್ಟದೆ ಬಿಡಿ.

ಬಿಸಿ ಇಲ್ಲದ ಗಂಟು

ಕುತ್ತಿಗೆಯಲ್ಲಿ ಗಂಟು. ಕೆಂಪಿಲ್ಲ, ಮುಟ್ಟಿದರೆ ಬಿಸಿ ಇಲ್ಲ, ನೋವೂ ಅಷ್ಟಾಗಿ ಇಲ್ಲ. ವಾರಗಟ್ಟಲೆ ಇದೆ, ನಿಧಾನಕ್ಕೆ ಮೆತ್ತಗಾಗುತ್ತಿದೆ. ಇದನ್ನು ಮಾಮೂಲಿ ಕುರು ಅಂತ ಕೊಯ್ಯಿಸಬೇಡಿ. ನಮ್ಮ ಹಿರಿಯರು ಗಂಡಮಾಲೆ ಅಂತಿದ್ದ ಕ್ಷಯದ, ಅಂದರೆ ಟಿಬಿಯ, ಗಂಟು ಇದಾಗಿರಬಹುದು. ಸಾದಾ ಕುರುವಿನ ಹಾಗೆ ಕೊಯ್ದರೆ ಗಾಯ ಮಾಯದೆ ತಿಂಗಳುಗಟ್ಟಲೆ ಸೋರುತ್ತಲೇ ಇರಬಹುದು. ಮೊದಲು ಸೂಜಿಯಿಂದ ಸ್ವಲ್ಪ ತೆಗೆದು ಟಿಬಿ ಪರೀಕ್ಷೆಗೆ ಕಳಿಸುತ್ತಾರೆ. ಟಿಬಿ ಅಂತಾದರೆ ಸಾಮಾನ್ಯವಾಗಿ ಆರು ತಿಂಗಳ ಮಾತ್ರೆ, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಮನೆಯಲ್ಲಿ ಯಾರಿಗಾದರೂ ತುಂಬಾ ದಿನದಿಂದ ಕೆಮ್ಮು ಇದ್ದರೆ ಕೇಳುವ ಮೊದಲೇ ಡಾಕ್ಟರಿಗೆ ಹೇಳಿ.

ಕುಂಟುವ ಮಗುವಿಗೆ ಜ್ವರ ಇದ್ದರೆ

ಈ ಭಾಗವನ್ನು ಮಾತ್ರ ಎರಡು ಸಲ ಓದಿ. ಕುರು ಕಣ್ಣಿಗೆ ಕಾಣುತ್ತದೆ. ಕೀಲಿನ ಒಳಗಿನ ಕೀವು ಕಾಣುವುದಿಲ್ಲ.

ಮಕ್ಕಳು ದಿನಾ ಬೀಳುತ್ತಾರೆ. ಹಾಗಾಗಿ ಮಗು ಕುಂಟಿದ ಕೂಡಲೇ ಎಲ್ಲರಿಗೂ ಯಾವುದೋ ಒಂದು ಬಿದ್ದ ನೆನಪು ಬರುತ್ತದೆ. "ಮೊನ್ನೆ ಸೈಕಲ್ಲಿಂದ ಬಿದ್ದನಲ್ಲ, ಉಳುಕಿರಬೇಕು." ಉಳುಕು ತೆಗೆಯುವವರ ಹತ್ತಿರ ಕರೆದುಕೊಂಡು ಹೋಗಿ ಎಣ್ಣೆ ಹಚ್ಚಿ ನೀವಿಸುತ್ತಾರೆ. ಎರಡು ದಿನ ಅಲ್ಲೇ ಹೋಯಿತು. ಆ ಎರಡು ದಿನ ಬಹಳ ದುಬಾರಿ. ಕೀಲಿನಲ್ಲಿ ಕೀವು ತುಂಬಿದಾಗ ಅದರಲ್ಲಿರುವ ರಾಸಾಯನಿಕಗಳು ಮೃದ್ವಸ್ಥಿಯನ್ನು, ಅಂದರೆ ಮೂಳೆಯ ತುದಿಯ ನುಣುಪು ಪದರವನ್ನು, ತಿನ್ನತೊಡಗುತ್ತವೆ. ಸೊಂಟದ ಕೀಲಾದರೆ ಇನ್ನೂ ಕೆಟ್ಟದ್ದು. ಒಳಗಿನ ಒತ್ತಡಕ್ಕೆ ತೊಡೆಮೂಳೆಯ ಮೇಲ್ತುದಿಯ ಗುಂಡು ಭಾಗಕ್ಕೆ ಹೋಗುವ ರಕ್ತವೇ ನಿಲ್ಲಬಹುದು. ಒಮ್ಮೆ ಹಾಳಾದ ಗುಂಡು ಪೂರ್ತಿ ಮೊದಲಿನಂತೆ ಆಗುವುದು ಕಷ್ಟ.

ದೊಡ್ಡ ಮಕ್ಕಳು ಕಾಲೂರಲ್ಲ ಅಂತ ಹಠ ಮಾಡುತ್ತಾರೆ. ಹಸುಗೂಸು ಹೇಳುವುದಾದರೂ ಹೇಗೆ? ಲಂಗೋಟಿ ಬದಲಿಸುವಾಗ ನೋಡಿ. ಎರಡೂ ಕಾಲು ಒದೆಯುವ ಮಗು ಒಂದನ್ನು ಮಾತ್ರ ಆಡಿಸುತ್ತಿದೆ. ಇನ್ನೊಂದು ಮಂಡಿ ಮಡಚಿ, ಹೊರಕ್ಕೆ ವಾಲಿ, ಸುಮ್ಮನೆ ಬಿದ್ದಿದೆ. ಲಂಗೋಟಿ ಬಿಚ್ಚಲು ಆ ಕಾಲು ಎತ್ತಿದ ತಕ್ಷಣ ಚೀರುತ್ತದೆ, ಕೆಳಗಿಟ್ಟರೆ ಸುಮ್ಮನಾಗುತ್ತದೆ. ಎತ್ತಿಕೊಂಡರೆ ಸಾಮಾನ್ಯವಾಗಿ ಸಮಾಧಾನ ಆಗುವ ಮಗು, ಎತ್ತಿಕೊಂಡಾಗಲೇ ಜಾಸ್ತಿ ಅಳುತ್ತದೆ. ತೀರಾ ಎಳೇ ಕೂಸಿಗೆ ಜ್ವರವೇ ಇಲ್ಲದಿರಬಹುದು. ಇಷ್ಟು ಕಂಡರೆ ಬೆಳಗಾಗಲಿ ಅಂತ ಕೂರಬೇಡಿ.

ಆಸ್ಪತ್ರೆಯಲ್ಲಿ ಡಾಕ್ಟರುಗಳು ನಾಲ್ಕು ವಿಷಯ ನೋಡುತ್ತಾರೆ. ಅಮೆರಿಕದ ಬಾಸ್ಟನ್‌ನ ಡಾಕ್ಟರುಗಳು 1999ರಲ್ಲಿ ಪ್ರಕಟಿಸಿದ ಲೆಕ್ಕ ಇದು: ಮಗು ಆ ಕಾಲೂರುವುದಿಲ್ಲ, ಜ್ವರ 38.5 ಡಿಗ್ರಿ ಸೆಲ್ಸಿಯಸ್ (ಸುಮಾರು 101.3 ಫ್ಯಾರನ್‌ಹೀಟ್) ದಾಟಿದೆ, ರಕ್ತದಲ್ಲಿ ಇಎಸ್‌ಆರ್ (ಸೋಂಕು, ಉರಿಯೂತ ಇದ್ದರೆ ಏರುವ ಒಂದು ಅಂಕಿ) 40 ಅಥವಾ ಹೆಚ್ಚು, ಬಿಳಿ ರಕ್ತಕಣ 12,000ಕ್ಕಿಂತ ಜಾಸ್ತಿ. ಎಷ್ಟು ಹೊಂದುತ್ತವೋ ಅಷ್ಟು ಅನುಮಾನ ಗಟ್ಟಿ. ಸ್ಕ್ಯಾನಿಂಗ್‌ನಲ್ಲಿ ಕೀಲಿನೊಳಗೆ ನೀರು ಕಂಡರೆ ಸೂಜಿ ಹಾಕಿ ತೆಗೆದು ನೋಡುತ್ತಾರೆ. ಕೀವಾದರೆ ಸಾಮಾನ್ಯವಾಗಿ ಅದೇ ದಿನ ಕೀಲು ತೆರೆದು ತೊಳೆಯುತ್ತಾರೆ. "ನಾಳೆ ಮಾಡಿಸೋಣ, ಇವತ್ತು ಅಮಾವಾಸ್ಯೆ" ಅನ್ನುವುದಕ್ಕೆ ಇಲ್ಲಿ ಜಾಗ ಇಲ್ಲ.

ಎರಡು ಕಡೆ ಜನ ಎಡವುತ್ತಾರೆ. ಒಂದು, "ಎಕ್ಸ್‌ರೇ ನಾರ್ಮಲ್ ಬಂತಲ್ಲ" ಅನ್ನುವ ನಿಶ್ಚಿಂತೆ. ಮೂಳೆಯ ಸೋಂಕು ಎಕ್ಸ್‌ರೇಯಲ್ಲಿ ಕಾಣಲು ಹತ್ತು ಹದಿನಾಲ್ಕು ದಿನ ಬೇಕಾಗಬಹುದು. ಮಗುವಿಗೆ ಜ್ವರ ಇದ್ದು, ಮೂಳೆಯ ಒಂದು ಜಾಗ ಒತ್ತಿದರೆ ಕಿರುಚುತ್ತಿದ್ದರೆ, ಎಕ್ಸ್‌ರೇ ಸರಿ ಇದ್ದರೂ ಬಿಡದೆ ಕೇಳಿ. ಎಂಆರ್‌ಐ ಬೇಕಾಗಬಹುದು. ಇನ್ನೊಂದು, ನೆಗಡಿ ಬಂದು ಹೋದ ಮೇಲೆ ಕೆಲವು ಮಕ್ಕಳು ಎರಡು ಮೂರು ದಿನ ಕುಂಟುತ್ತಾರೆ. ಅದು ಕೀವಲ್ಲ, ಸೊಂಟದ ಕೀಲಿನ ತಾತ್ಕಾಲಿಕ ಊತ, ತಾನೇ ವಾಸಿಯಾಗುತ್ತದೆ. ಅಂಥ ಮಗು ಸಾಮಾನ್ಯವಾಗಿ ಗೆಲುವಾಗಿರುತ್ತದೆ, ಹೆಚ್ಚು ಜ್ವರ ಇರುವುದಿಲ್ಲ. ಆದರೆ ಎರಡರ ವ್ಯತ್ಯಾಸ ಮನೆಯಲ್ಲಿ ಕೂತು ತೀರ್ಮಾನ ಮಾಡುವಂಥದ್ದಲ್ಲ.

ಹೊಟ್ಟೆನೋವು ಜಾಗ ಬದಲಿಸಿದರೆ

ಅಪೆಂಡಿಕ್ಸ್ ನೋವು ಮೊದಲು ಹೊಕ್ಕುಳ ಸುತ್ತ ಶುರುವಾಗುತ್ತದೆ. ಊಟ ಬೇಡ ಅನ್ನುತ್ತದೆ ಮಗು, ಒಂದೆರಡು ಸಲ ವಾಂತಿ. ಕೆಲವು ಗಂಟೆಗಳಲ್ಲಿ ನೋವು ಬಲ ಕಿಬ್ಬೊಟ್ಟೆಗೆ ಇಳಿದು ಅಲ್ಲೇ ನಿಲ್ಲುತ್ತದೆ. ಮಗು ಬಗ್ಗಿ, ಹೊಟ್ಟೆ ಹಿಡಿದು ನಡೆಯುತ್ತದೆ. ಒಂದು ಸಲ ಜಿಗಿ ನೋಡೋಣ ಅಂದರೆ ಜಿಗಿಯುವುದಿಲ್ಲ. ಆಸ್ಪತ್ರೆಗೆ ಹೋಗುವಾಗ ರಸ್ತೆಯ ಹಂಪ್ ಬಂದಾಗಲೆಲ್ಲ ಮುಖ ಕಿವುಚಿದರೆ ಅದನ್ನೂ ಡಾಕ್ಟರಿಗೆ ಹೇಳಿ, ಅದೂ ಒಂದು ಲಕ್ಷಣ.

ಐದು ವರ್ಷದ ಒಳಗಿನ ಮಕ್ಕಳಲ್ಲಿ ಇಷ್ಟು ಕ್ರಮವಾಗಿ ಯಾವುದೂ ಬರುವುದಿಲ್ಲ. ಭೇದಿಯೂ ಆಗಬಹುದು, ಹಾಗಾಗಿ ಎಲ್ಲರೂ ಅಜೀರ್ಣ ಅಂದುಕೊಳ್ಳುತ್ತಾರೆ. ಗೊತ್ತಾಗುವ ಹೊತ್ತಿಗೆ ಎಷ್ಟೋ ಮಕ್ಕಳಲ್ಲಿ ಅಪೆಂಡಿಕ್ಸ್ ಒಡೆದಿರುತ್ತದೆ. ಒಡೆದಾಗ ನೋವು ಸ್ವಲ್ಪ ಹೊತ್ತು ತಗ್ಗಿದಂತೆ ಅನಿಸಬಹುದು. "ಅಬ್ಬ, ಕಡಿಮೆ ಆಯ್ತು" ಅಂತ ನಾವು ಉಸಿರು ಬಿಡುತ್ತೇವೆ. ಆಮೇಲೆ ಹೊಟ್ಟೆ ಪೂರ್ತಿ ಹಲಗೆಯ ಹಾಗೆ ಬಿಗಿಯುತ್ತದೆ. ಕಾರಣ ಗೊತ್ತಿಲ್ಲದ ಹೊಟ್ಟೆನೋವಿಗೆ ಹರಳೆಣ್ಣೆ, ಭೇದಿ ಮಾತ್ರೆ, ಎನಿಮಾ ಯಾವುದೂ ಬೇಡ. ಹೊಟ್ಟೆಗೆ ಬರೆ ಹಾಕಿಸುವುದಂತೂ ಬೇಡವೇ ಬೇಡ.

ಕೆಲವೊಮ್ಮೆ ಡಾಕ್ಟರು ಕೀವು ಮಾತ್ರ ತೆಗೆದು ಅಪೆಂಡಿಕ್ಸ್ ಅಲ್ಲೇ ಬಿಡುತ್ತಾರೆ, ಅಥವಾ ಬರೀ ಔಷಧಿ ಕೊಟ್ಟು ಕೆಲವು ವಾರದ ನಂತರ ಬನ್ನಿ ಅನ್ನುತ್ತಾರೆ. ತಡವಾಗಿ ಬಂದು ಸುತ್ತ ಗಡ್ಡೆ ಕಟ್ಟಿದ್ದರೆ ಹೀಗೆ ಮಾಡುವುದುಂಟು. ಇದು ಹೊಸದೇನಲ್ಲ. 1902ರ ಜೂನ್‌ನಲ್ಲಿ ಬ್ರಿಟನ್ನಿನ ಏಳನೇ ಎಡ್ವರ್ಡ್ ದೊರೆಗೆ ಪಟ್ಟಾಭಿಷೇಕಕ್ಕೆ ಎರಡೇ ದಿನ ಇರುವಾಗ ಹೀಗೇ ಆಯಿತು. ಸರ್ಜನ್ ಫ್ರೆಡರಿಕ್ ಟ್ರೀವ್ಸ್ ಕೀವಷ್ಟೇ ತೆಗೆದರು, ಅಪೆಂಡಿಕ್ಸ್ ಮುಟ್ಟಲಿಲ್ಲ. ಆಗಸ್ಟ್‌ನಲ್ಲಿ ದೊರೆ ಕಿರೀಟ ಇಟ್ಟುಕೊಂಡರು.

ಉಳಿದವು, ಚುಟುಕಾಗಿ

ನ್ಯುಮೋನಿಯಾಕ್ಕೆ ಸರಿಯಾದ ಆ್ಯಂಟಿಬಯಾಟಿಕ್ ಶುರುಮಾಡಿ 48 ಗಂಟೆಯಾದರೂ ಜ್ವರ ಇಳಿದಿಲ್ಲ, ಮಗು ಒಂದೇ ಪಕ್ಕಕ್ಕೆ ಮಲಗುತ್ತದೆ, ಉಸಿರು ಮೇಲೆ ಮೇಲೆ ಎಳೆಯುತ್ತದೆ ಅಂದರೆ ಶ್ವಾಸಕೋಶದ ಸುತ್ತ ಕೀವು ಸೇರಿರಬಹುದು. ಎದೆಗೆ ಟ್ಯೂಬ್ ಹಾಕಿ ನೆಲದ ಮೇಲೆ ಒಂದು ಬಾಟಲಿ ಇಡುತ್ತಾರೆ. ಆ ಬಾಟಲಿ ಯಾವಾಗಲೂ ಮಗುವಿನ ಎದೆಗಿಂತ ಕೆಳಗೇ ಇರಬೇಕು. ನೋಡಲು ಬಂದವರು ದಾರಿಗೆ ಅಡ್ಡ ಅಂತ ಎತ್ತಿ ಮಂಚದ ಮೇಲಿಡದಂತೆ ಕಾಯುವುದು ನಿಮ್ಮ ಕೆಲಸ.

ಗಂಟಲು ನೋವಿನ ಮಗು ಜೊಲ್ಲು ಕೂಡ ನುಂಗದೆ ಸುರಿಸುತ್ತಿದ್ದರೆ, ದನಿ ಬಾಯಲ್ಲಿ ಬಿಸಿ ಆಲೂಗಡ್ಡೆ ಇಟ್ಟುಕೊಂಡ ಹಾಗೆ ಆಗಿದ್ದರೆ, ಕುತ್ತಿಗೆ ತಿರುಗಿಸದಿದ್ದರೆ, ತಡಮಾಡಬೇಡಿ. ಕಿವಿ ಸೋರುವ ಮಗುವಿನ ಕಿವಿಯ ಹಿಂದೆ ಊದಿ ಕಿವಿ ಮುಂದಕ್ಕೆ ಬಾಗಿದ್ದರೂ ಅಷ್ಟೆ. ಸೀತಾಳೆ ಸಿಡುಬು ಎದ್ದ ಮಗುವಿಗೆ, ಅಂದರೆ ಚಿಕನ್‌ಪಾಕ್ಸ್ ಆದಾಗ, ಐಬುಪ್ರೊಫೆನ್ ಕೊಡಬೇಡಿ, ಪ್ಯಾರಾಸಿಟಮಾಲ್ ಸಾಕು. ಆ ಗುಳ್ಳೆಗಳ ನಡುವೆ ಒಂದು ಜಾಗ ಮಾತ್ರ ವಿಪರೀತ ನೋಯುತ್ತಾ, ಗಂಟೆಗಂಟೆಗೆ ಊದುತ್ತಾ, ನೇರಳೆ ಬಣ್ಣಕ್ಕೆ ತಿರುಗಿದರೆ 108ಕ್ಕೆ ಫೋನ್ ಮಾಡಿ. ಮಾಂಸವನ್ನೇ ತಿನ್ನುವ ಸೋಂಕು ಅದಾಗಿರಬಹುದು.

ಆಸ್ಪತ್ರೆಗೆ ಹೊರಡುವ ಮುನ್ನ

ಹೊಟ್ಟೆಗೆ ಕೊಡುವುದನ್ನು ನಿಲ್ಲಿಸಬೇಕೇ ಅಂತ ಫೋನಿನಲ್ಲೇ ಕೇಳಿ. ಅರಿವಳಿಕೆ ಕೊಡಬೇಕಾದರೆ ಸಾಮಾನ್ಯ ಲೆಕ್ಕ: ಊಟ, ಹಸುವಿನ ಹಾಲು, ಪುಡಿ ಹಾಲು ಆರು ಗಂಟೆ ಮೊದಲೇ ನಿಲ್ಲಬೇಕು, ಎದೆಹಾಲು ನಾಲ್ಕು ಗಂಟೆ, ಬರೀ ನೀರು ಒಂದೆರಡು ಗಂಟೆ. ದಾರಿಯಲ್ಲಿ "ಪಾಪ, ಹಸಿದಿದೆ" ಅಂತ ಬಿಸ್ಕತ್ತು ಕೊಟ್ಟರೆ ಆಪರೇಷನ್ ಮುಂದೆ ಹೋಗಬಹುದು. ಕೊಟ್ಟುಬಿಟ್ಟಿದ್ದರೆ ಮುಚ್ಚಿಡಬೇಡಿ, ಎಷ್ಟು ಹೊತ್ತಿಗೆ ಅಂತ ಹೇಳಿ.

ಈವರೆಗೆ ಕೊಟ್ಟ ಎಲ್ಲ ಔಷಧಿಯ ಬಾಟಲಿ, ಶೀಟು ಚೀಲಕ್ಕೆ ಹಾಕಿ. "ಬಿಳೀ ಸಿರಪ್" ಅಂದರೆ ಯಾರಿಗೂ ಗೊತ್ತಾಗಲ್ಲ. ತಾಯಿ ಕಾರ್ಡ್, ಆಧಾರ್, ರೇಷನ್ ಕಾರ್ಡ್ ಜೊತೆಗಿರಲಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇಕಡಾ 30ರಷ್ಟನ್ನು ಸರ್ಕಾರ ಕೊಡುತ್ತದೆ, ವರ್ಷಕ್ಕೆ 1.5 ಲಕ್ಷದವರೆಗೆ. ಸೇರಿಸುವಾಗಲೇ ಆರೋಗ್ಯ ಮಿತ್ರರ, ಅಂದರೆ ಆಸ್ಪತ್ರೆಯಲ್ಲಿ ಈ ಯೋಜನೆಗೆ ನೆರವಾಗುವ ಸಿಬ್ಬಂದಿಯ, ಕೌಂಟರ್ ಎಲ್ಲಿದೆ ಅಂತ ಕೇಳಿ. ಡಿಸ್ಚಾರ್ಜ್ ದಿನ ಕೇಳಿದರೆ ಉಪಯೋಗ ಇಲ್ಲ.

ಕೀವು ತೆಗೆದಾಗ ಕಲ್ಚರ್‌ಗೆ ಕಳಿಸಿದ್ದೀರಾ ಅಂತ ಕೇಳಿ. ಯಾವ ಬ್ಯಾಕ್ಟೀರಿಯಾ, ಯಾವ ಔಷಧಿಗೆ ಬಗ್ಗುತ್ತದೆ ಅಂತ ಎರಡು ಮೂರು ದಿನದಲ್ಲಿ ಆ ವರದಿ ಹೇಳುತ್ತದೆ. ಅಷ್ಟು ಹೊತ್ತಿಗೆ ನಾವು ಮನೆ ಸೇರಿರುತ್ತೇವೆ, ವರದಿ ಲ್ಯಾಬಿನಲ್ಲೇ ಕೂತಿರುತ್ತದೆ. ಹೋಗಿ ತನ್ನಿ, ಡಾಕ್ಟರಿಗೆ ತೋರಿಸಿ. ಕೊಡುತ್ತಿರುವ ಔಷಧಿಯನ್ನೇ ಬದಲಿಸಬೇಕಾಗಿ ಬರಬಹುದು.

ಮನೆಗೆ ಬಂದ ಮೇಲೆ

ಕುರು ಕೊಯ್ದ ಗಾಯಕ್ಕೆ ಎಷ್ಟೋ ಸಲ ಹೊಲಿಗೆ ಹಾಕಿರುವುದಿಲ್ಲ. ನಾನು ಮೊದಲ ಸಲ ನೋಡಿ "ಮುಚ್ಚೋದು ಮರೆತ್ರಾ?" ಅಂತ ಕೇಳಿದ್ದೆ. ಬೇಕೆಂದೇ ಬಿಡುತ್ತಾರೆ. ಗಾಯ ತಳದಿಂದ ತುಂಬಿಕೊಂಡು ಬರಬೇಕು. ಮೇಲೆ ಮೊದಲೇ ಮುಚ್ಚಿದರೆ ಒಳಗೆ ಮತ್ತೆ ಕೀವು.

ಡ್ರೆಸ್ಸಿಂಗ್ ದಿನ ನನಗೆ ಸಹಾಯವಾದ ಕ್ರಮ ಇದು. ಅರ್ಧ ಗಂಟೆ ಮೊದಲು ಡಾಕ್ಟರ್ ಹೇಳಿದ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್. ಕೈ ಸೋಪು ಹಾಕಿ ತೊಳೆಯುವುದು. ಗಾಯಕ್ಕೆ ಅಂಟಿದ ಬಟ್ಟೆಯನ್ನು ಎಳೆಯದೆ, ಅದರ ಮೇಲೆ ಸಲೈನ್ ಅಥವಾ ಕುದಿಸಿ ಆರಿಸಿದ ನೀರು ನಿಧಾನಕ್ಕೆ ಹನಿಸುತ್ತಾ ಐದು ನಿಮಿಷ ಕಾಯುವುದು. ಒಂದು ಕಥೆ ಮುಗಿಯುವಷ್ಟು ಹೊತ್ತು. ಆಗ ಬಟ್ಟೆ ತಾನೇ ಜಾರಿ ಬರುತ್ತದೆ. ಅರಿಶಿನ, ಕಾಫಿಪುಡಿ, ಟಾಲ್ಕಂ ಪೌಡರ್ ಯಾವುದೂ ಒಳಗೆ ಹೋಗಬಾರದು. ಸ್ವಲ್ಪ ತಿಳಿ ರಕ್ತ, ನೀರು ಬಂದರೆ ಹೆದರಬೇಡಿ. ಮತ್ತೆ ಜ್ವರ ಬಂದರೆ, ವಾಸನೆ ಬಂದರೆ, ಕೆಂಪು ಹರಡಿದರೆ ವಾಪಸ್ ಹೋಗಿ.

ಮಗುವಿಗೆ ಬೇರೆ ಟವೆಲ್ ಇರಲಿ. ಉಗುರು ಕತ್ತರಿಸಿ. ಮನೆಯಲ್ಲಿ ಒಬ್ಬರಾದ ಮೇಲೆ ಒಬ್ಬರಿಗೆ ಕುರು ಬರುತ್ತಿದ್ದರೆ ಎಲ್ಲರಿಗೂ ಒಟ್ಟಿಗೆ ಏನು ಮಾಡಬೇಕು ಅಂತ ಕೇಳಿ. ಒಂದೇ ಮಗುವಿಗೆ ದೊಡ್ಡ ದೊಡ್ಡ ಕುರು ಮತ್ತೆ ಮತ್ತೆ ಬಂದರೆ ಸಕ್ಕರೆ ಕಾಯಿಲೆ, ರೋಗನಿರೋಧಕ ಶಕ್ತಿಯ ತೊಂದರೆ ಇದೆಯೇ ಅಂತ ಪರೀಕ್ಷೆ ಮಾಡಿಸಬೇಕಾಗುತ್ತದೆ.

ಮೂಳೆ ಅಥವಾ ಕೀಲಿನ ಸೋಂಕಾದರೆ ಮನೆಗೆ ಬಂದ ಮೇಲೂ ವಾರಗಟ್ಟಲೆ ಆ್ಯಂಟಿಬಯಾಟಿಕ್ ಕುಡಿಸಬೇಕು. ಮಗು ಓಡಾಡತೊಡಗಿದ ಕೂಡಲೇ ನಿಲ್ಲಿಸುವ ಆಸೆ ಆಗುತ್ತದೆ, ನಿಲ್ಲಿಸಬೇಡಿ. ಡಾಕ್ಟರ್ ಹೇಳಿದ ತಿಂಗಳಿಗೆ ಎಕ್ಸ್‌ರೇಗೆ ಹೋಗಿ, ಮುಂದಿನ ವರ್ಷವೂ ಹೋಗಿ. ಮೂಳೆ ಬೆಳೆಯುವ ಪಟ್ಟಿಗೆ ಪೆಟ್ಟು ಬಿದ್ದಿದ್ದರೆ ಒಂದು ಕಾಲು ಗಿಡ್ಡವಾಗುವುದು ನಿಧಾನಕ್ಕೆ ಗೊತ್ತಾಗುತ್ತದೆ. ಶಾಲೆಯ ಯೂನಿಫಾರ್ಮ್ ಪ್ಯಾಂಟು ಹಾಕಿಸಿ ನೇರ ನಿಲ್ಲಿಸಿದಾಗ ಎರಡು ಕಾಲಿನ ಅಂಚು ಒಂದೇ ಮಟ್ಟಕ್ಕಿದೆಯೇ ಅಂತ ಆಗಾಗ ನೋಡಿಕೊಳ್ಳಿ.